ಹಂಪನಕಟ್ಟೆಯ ಆಚೀಚೆ ಹೊಸ ಹೋಟೆಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಬೆಳಿಗ್ಗೆ ನನ್ನ ಫೋನಿಗೆ ಬರುವ ಮೆಸೇಜ್‌ಗಳಲ್ಲಿ ಅರ್ಧ ಒಂದೇ ತರ ಇರುತ್ತವೆ. "ಮಂಗಳೂರಿಗೆ ಬರ್ತಾ ಇದ್ದೇವೆ, ಊಟಕ್ಕೆ ಎಲ್ಲಿ ಹೋಗುವುದು?" ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುತ್ತಿದ್ದೆ. ಈಗ ಬೆರಳು ನೋಯುತ್ತದೆ ಮಾರಾಯ್ರೆ. ಅದಕ್ಕೇ ಮಂಗಳೂರಿನ ಹಳೇ ಪೇಟೆಯ ಹೊಸ ಹೋಟೆಲುಗಳ ಬಗ್ಗೆ ಕೇಳಿದ್ದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಬೆಳೆದದ್ದು ರಥಬೀದಿಯ ಹತ್ತಿರ, ಕೆಲಸ ಹಂಪನಕಟ್ಟೆಯಲ್ಲಿ, ಮಧ್ಯಾಹ್ನದ ಊಟ ಹೆಚ್ಚಾಗಿ ಹೊರಗೆ. ನನ್ನ ಅರ್ಹತೆ ಇಷ್ಟೇ.

ಹಳೇ ಪೇಟೆ ಅಂದರೆ ಎಲ್ಲಿಂದ ಎಲ್ಲಿವರೆಗೆ?

ಹಂಪನಕಟ್ಟೆಯನ್ನು ನಡುವೆ ಇಟ್ಟುಕೊಳ್ಳಿ. ಸಮುದ್ರದ ಕಡೆಗೆ ಇಳಿದರೆ ಸೆಂಟ್ರಲ್ ಮಾರ್ಕೆಟ್, ಭವಂತಿ ಸ್ಟ್ರೀಟ್, ರಥಬೀದಿ. ಇನ್ನೂ ಇಳಿದರೆ ಬಂದರು, ಮೀನಿನ ದಕ್ಕೆ ಅಂದರೆ ಮೀನಿನ ದೋಣಿ ಬಂದು ನಿಲ್ಲುವ ಕಟ್ಟೆ. ಇನ್ನೊಂದು ಕಡೆಗೆ ಮಿಲಾಗ್ರಿಸ್, ಸೆಂಟ್ರಲ್ ರೈಲ್ವೆ ಸ್ಟೇಷನ್. ಮತ್ತೊಂದು ಕಡೆಗೆ ಕೆ.ಎಸ್. ರಾವ್ ರಸ್ತೆ, ಅದರ ತುದಿಗೆ ಕೊಡಿಯಾಲ್‌ಬೈಲ್. ನಾನು ಹೇಳುವುದೆಲ್ಲ ಈ ಸುತ್ತಿನೊಳಗಿನದ್ದು. ಕದ್ರಿ, ಬಿಜೈ, ಸುರತ್ಕಲ್ ಕಡೆಯದ್ದು ಬೇರೆ ಕತೆ.

ಅಂದ ಹಾಗೆ, ಹಂಪನಕಟ್ಟೆ ಅಂದರೆ ಅಪ್ಪಣ್ಣನ ಕಟ್ಟೆ ಅಂತ ಊರಿನ ಹಿರಿಯರು ಹೇಳುತ್ತಾರೆ. ಅಪ್ಪಣ್ಣ ಅಂತ ಒಬ್ಬ ಅಜ್ಜ ದಾರಿಯಲ್ಲಿ ಹೋಗುವವರಿಗೆ ಬಾಯಾರಿಕೆಗೆ ನೀರು ಕೊಡುತ್ತಿದ್ದನಂತೆ. ಕತೆ ನಿಜವಾದರೆ ಈ ಪೇಟೆಯ ಮೊದಲ ಹೋಟೆಲು ಅದೇ. ಬಿಲ್ಲು ಮಾತ್ರ ಇರಲಿಲ್ಲ.

ಆ ಜಾಗ ಸತ್ತು ಹೋಗಿತ್ತಲ್ಲ? ಈಗ ಎಂತಕ್ಕೆ ಅಲ್ಲೇ ಹೋಟೆಲ್ ಹಾಕುತ್ತಿದ್ದಾರೆ?

ಸತ್ತಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ರಾತ್ರಿ ಎಂಟಕ್ಕೆ ಮಲಗುವ ಜಾಗವಾಗಿತ್ತು. ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಕೋರ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಸ್ಟೇಟ್‌ಬ್ಯಾಂಕ್ ಅನ್ನುವ ಬಸ್ ನಿಲ್ದಾಣದಲ್ಲಿ ಬಸ್ಸು ಹಿಡಿಯುವವರು. ಎಲ್ಲರೂ ಕೆಲಸ ಮುಗಿಸಿ ಮನೆಗೆ ಓಡುವವರೇ. ಸಂಜೆ ಕೂತು ತಿನ್ನಲಿಕ್ಕೆ ಅಂತ ಯಾರೂ ಬರುತ್ತಿರಲಿಲ್ಲ. ಮಾಲ್‌ಗಳು ಬಂದ ಮೇಲೆ ಆ ಜನ ಎಸಿ ಒಳಗೆ ಹೋಗಿ ಕೂತರು.

ಆಮೇಲೆ ಎರಡು ಮೂರು ವಿಷಯ ಒಟ್ಟೊಟ್ಟಿಗೆ ಆದವು. ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಆ ಮೇಲೆ ವರ್ಷಗಟ್ಟಲೆ ಪೇಟೆಯ ರಸ್ತೆ ಅಗೆದದ್ದೇ ಅಗೆದದ್ದು. ಆ ಧೂಳು ತಿಂದವರಿಗೆ ಗೊತ್ತು. ಆದರೆ ಕೊನೆಗೆ ಕಾಂಕ್ರೀಟ್ ರಸ್ತೆ ಆಯಿತು, ಕೆಲವು ಕಡೆ ನಡೆಯುವಂಥ ಫುಟ್‌ಪಾತ್ ಆಯಿತು, ಹಿಂದೆ ಒಡೆದು ಹಾಕಿದ್ದ ಗಡಿಯಾರದ ಗೋಪುರ ಮತ್ತೆ ಎದ್ದು ನಿಂತಿತು. 2020ರ ಲಾಕ್‌ಡೌನ್‌ನಲ್ಲಿ ಸೆಂಟ್ರಲ್ ಮಾರ್ಕೆಟ್ ಮುಚ್ಚಿತು, ಆಮೇಲೆ ಹಳೇ ಕಟ್ಟಡವನ್ನೂ ಕೆಡವಿದರು. ಅದು ನೋವಿನ ವಿಷಯವೇ. ನಮ್ಮಮ್ಮ ಈಗಲೂ ಬಸಳೆ ತರುವಾಗೆಲ್ಲ ಹಳೇ ಮಾರ್ಕೆಟ್ಟಿನ ನೆನಪು ತೆಗೆಯುತ್ತಾರೆ.

ಅದೇ ಲಾಕ್‌ಡೌನ್‌ನಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಕೆಲಸ ಬಿಟ್ಟವರು, ಗಲ್ಫ್‌ನಿಂದ ವಾಪಸ್ ಬಂದವರು, ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದವರು ಮನೆಯಲ್ಲೇ ಅಡುಗೆ ಮಾಡಿ ಮಾರತೊಡಗಿದರು. ವಾಟ್ಸಾಪ್‌ನಲ್ಲಿ ಆರ್ಡರ್, ಭಾನುವಾರ ಕೋರಿ ರೊಟ್ಟಿ (ಕೋಳಿ ಸಾರು, ಗರಿಗರಿ ಅಕ್ಕಿ ರೊಟ್ಟಿ), ಶುಕ್ರವಾರ ಬಿರಿಯಾನಿ. ಅವರಲ್ಲಿ ಕೆಲವರಿಗೆ ಮನೆ ಅಡುಗೆಮನೆ ಸಾಲದೆ ಬಂತು. ಕದ್ರಿಯಲ್ಲಿ ಬಾಡಿಗೆ ಜಾಸ್ತಿ. ಹಳೇ ಪೇಟೆಯಲ್ಲಿ ಒಂದನೇ ಮಹಡಿ, ಹಿಂದಿನ ಗೋದಾಮು, ಯಾರೂ ವಾಸ ಮಾಡದ ಹಂಚಿನ ಮನೆ ಖಾಲಿ ಬಿದ್ದಿದ್ದವು. ಹಾಗೆ ಬಂದರು.

ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ನಮ್ಮ ಕರಾವಳಿಯವರು ನೂರು ವರ್ಷದಿಂದ ಬೇರೆ ಊರಿಗೆ ಹೋಗಿ ಹೋಟೆಲ್ ಹಾಕಿದವರು. ಮದ್ರಾಸಿಗೆ ಇಡ್ಲಿ ಸಾಂಬಾರು ಬಡಿಸಿದವರು ಉಡುಪಿಯವರು. ಮುಂಬಯಿಯ ಫೋರ್ಟ್ ಕಡೆಯ ಲಂಚ್ ಹೋಮ್‌ಗಳಲ್ಲಿ ಬಂಗುಡೆ ಹುರಿದವರು ನಮ್ಮವರು. ಮಂಗಳೂರಿನ ಮೀನಿನ ಊಟ ಪ್ರಸಿದ್ಧಿಯಾದದ್ದೇ ಮುಂಬಯಿಯಲ್ಲಿ ಅನ್ನುವವರಿದ್ದಾರೆ. ಈಗ ಮೊಮ್ಮಕ್ಕಳು ಊರಿನಲ್ಲೇ ಬೋರ್ಡು ಹಾಕುತ್ತಿದ್ದಾರೆ.

ಚೈನ್ ಹೋಟೆಲಾ, ಸ್ವಂತದ್ದಾ ಅಂತ ನೋಡಿದ ಕೂಡಲೇ ಹೇಗೆ ಗೊತ್ತಾಗುತ್ತದೆ?

ಮೆನು ಚಿಕ್ಕದಿರುತ್ತದೆ. ಗಲ್ಲಾದಲ್ಲಿ ಕೂತವರೇ ಬಂದು "ಗಸಿ ಇನ್ನೊಂದು ಸೌಟು ಹಾಕಲಾ?" ಅಂತ ಕೇಳುತ್ತಾರೆ. ಗಸಿ ಅಂದರೆ ತೆಂಗಿನಕಾಯಿ ಅರೆದು ಮಾಡುವ ಸಾರು. ಗೋಡೆಯಲ್ಲಿ ಚಾಕ್‌ನಲ್ಲಿ ಇವತ್ತಿನ ಮೀನು ಬರೆದಿರುತ್ತದೆ, ಮಧ್ಯಾಹ್ನ ಎರಡಕ್ಕೆ ಅದರಲ್ಲಿ ಅರ್ಧ ಒರೆಸಿರುತ್ತದೆ. ಒರೆಸಿದ ಬೋರ್ಡು ಕಂಡರೆ ಬೇಜಾರು ಮಾಡಬೇಡಿ, ಖುಷಿಪಡಿ. ಖಾಲಿಯಾಗುವಷ್ಟೇ ತಂದಿದ್ದಾರೆ ಅಂತ ಅರ್ಥ.

ಹೆಸರು ಹೇಳಿ ಸಾಕು. ಟಾಪ್ ಹತ್ತು ಯಾವುದು?

ಹೊಸದರ ಹೆಸರು ಬರೆಯುವುದಿಲ್ಲ, ಕೋಪ ಬೇಡ. ಎರಡು ವರ್ಷದ ಹಿಂದೆ ನಾನು ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದ್ದೆ. ಅದರಲ್ಲಿ ಕೆಲವು ಮುಚ್ಚಿವೆ, ಒಂದರ ಅಡುಗೆಯವರು ದುಬೈಗೆ ಹೋದರು, ಇನ್ನೊಂದು ಈಗ ಮೊಬೈಲ್ ಕವರ್ ಅಂಗಡಿ. ಆ ಪಟ್ಟಿ ಹಿಡಿದುಕೊಂಡು ನನ್ನ ಭಾವ ಮಳೆಯಲ್ಲಿ ಇಡೀ ಭವಂತಿ ಸ್ಟ್ರೀಟ್ ಸುತ್ತಿ, ಕೊನೆಗೆ ಚುರ್ಮುರಿ ತಿಂದು ಮನೆಗೆ ಹೋದರು. ಇವತ್ತಿಗೂ ಹೇಳಿ ತೋರಿಸುತ್ತಾರೆ.

ಹೊಸ ಹೋಟೆಲು ಎರಡು ಮಳೆಗಾಲ ದಾಟಿದರೆ ಮಾತ್ರ ನಾನು ಅದನ್ನು ಹೋಟೆಲ್ ಅಂತ ಲೆಕ್ಕಕ್ಕೆ ಹಿಡಿಯುತ್ತೇನೆ. ಅಲ್ಲಿಯವರೆಗೆ ಅದು ಪ್ರಯೋಗ. ಹಾಗಾಗಿ ಹೆಸರಿನ ಬದಲು ಆರಿಸುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಸರಿ, ಹಾಗಾದರೆ ಹೇಗೆ ಆರಿಸುವುದು?

ವಾರದ ದಿನ ಮಧ್ಯಾಹ್ನ ಹೋಗಿ. ಮಂಗಳವಾರವೋ ಬುಧವಾರವೋ, ಒಂದು ಗಂಟೆಗೆ. ಶನಿವಾರ ರಾತ್ರಿ ಎಲ್ಲ ಹೋಟೆಲಿನಲ್ಲೂ ಜನ ಇರುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬುಧವಾರ ಮಧ್ಯಾಹ್ನ ಪಕ್ಕದ ಬ್ಯಾಂಕಿನವರು, ಅಂಗಡಿಯವರು ಅಲ್ಲಿ ಉಣ್ಣುತ್ತಿದ್ದಾರಾ ನೋಡಿ. ದಿನಾ ಅದೇ ಬೀದಿಯಲ್ಲಿರುವವರು ಸುಮ್ನೆ ಒಂದು ಹೋಟೆಲಿಗೆ ಎರಡನೇ ಸಲ ಹೋಗುವುದಿಲ್ಲ.

ಮೊದಲ ಸಲ ಸಾದಾ ಊಟ ತಗೊಳ್ಳಿ. ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಮೀನಿನ ಗಸಿ. ಅನ್ನ ಬೆಂದ ಹದ, ಗಸಿಯಲ್ಲಿ ತೆಂಗಿನಕಾಯಿ ಅರೆದ ನುಣುಪು, ಹುಳಿ ಎಷ್ಟು ನಿಂತಿದೆ, ಇಷ್ಟು ಸಾಕು. ತವಾ ಫ್ರೈ, ರವಾ ಫ್ರೈ ಯಾರು ಮಾಡಿದರೂ ಒಂದು ಮಟ್ಟಕ್ಕೆ ಚೆನ್ನಾಗಿರುತ್ತದೆ, ಮಸಾಲೆ ಎಲ್ಲವನ್ನೂ ಮುಚ್ಚುತ್ತದೆ. ಗಸಿಯಲ್ಲಿ ಮುಚ್ಚಿಡಲಿಕ್ಕೆ ಆಗುವುದಿಲ್ಲ.

ಗೋಡೆಗೆ ಹಳೇ ಕಿಟಕಿ, ಲಾಂದ್ರ, ಯಕ್ಷಗಾನದ ಕಿರೀಟ ತೂಗುಹಾಕಿದ್ದನ್ನು ನೋಡಿ ಮರುಳಾಗಬೇಡಿ. ನನ್ನ ಅನುಭವದಲ್ಲಿ ಕಿರೀಟ ದೊಡ್ಡದಾದಷ್ಟು ಗಸಿ ನೀರು.

ಏನು ತಿನ್ನಬೇಕು? ನೀರ್ ದೋಸೆ, ಘೀ ರೋಸ್ಟ್ ಗೊತ್ತು. ಬೇರೆ?

ಇದು ನನಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಘೀ ರೋಸ್ಟ್ ವಿಷಯ. ತುಪ್ಪದಲ್ಲಿ ಮಸಾಲೆ ಹುರಿದು ಮಾಡುವ ಆ ಕೋಳಿ ಕುಂದಾಪುರದ್ದು, ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾದದ್ದು. ಮಂಗಳೂರಿನಲ್ಲಿ ಚೆನ್ನಾಗಿ ಮಾಡುತ್ತಾರೆ, ಆದರೆ ಈಗ ಚಿಕನ್‌ನಿಂದ ಹಿಡಿದು ಪನೀರ್, ಅಣಬೆವರೆಗೆ ಎಲ್ಲದಕ್ಕೂ ಅದೇ ಮಸಾಲೆ ಬಳಿಯುತ್ತಿದ್ದಾರೆ. ಒಂದು ಸಲ ತಿಂದಿದ್ದರೆ ಸಾಕು, ಮುಂದೆ ಹೋಗಿ.

ಹಳೇ ಪೇಟೆಯ ಹೊಸ ಹೋಟೆಲ್‌ಗಳಲ್ಲಿ ನನಗೆ ಕಂಡ ಒಳ್ಳೆಯ ವಿಷಯ ಅಂದರೆ, ಇಷ್ಟು ದಿನ ಬೋರ್ಡಿನ ಮೇಲೆ ಬಾರದೆ ಮನೆಯೊಳಗೇ ಇದ್ದ ಅಡುಗೆ ಈಗ ಹೊರಗೆ ಬಂದಿದೆ. ಈ ಒಂದು ಮೈಲಿ ಸುತ್ತಿನಲ್ಲಿ ಎಷ್ಟು ಬಗೆಯ ಅಡುಗೆಮನೆ ಉಂಟು ನೋಡಿ. ರಥಬೀದಿ ವೆಂಕಟರಮಣ ದೇವಸ್ಥಾನದ ಸುತ್ತ ಕೊಂಕಣಿಗರ ಮನೆ. ಬಂದರಿನಲ್ಲಿ ಬ್ಯಾರಿಗಳು, ಅಂದರೆ ಕರಾವಳಿಯ ಮುಸ್ಲಿಮರು. ಮಿಲಾಗ್ರಿಸ್ ಕಡೆ ಕ್ರಿಶ್ಚಿಯನ್ನರು. ದಕ್ಕೆಯಲ್ಲಿ ಮೀನುಗಾರ ಮೊಗವೀರರು. ಸುತ್ತ ಎಲ್ಲ ಕಡೆ ತುಳುವರು. ಎಲ್ಲರಿಗೂ ಅದೇ ತೆಂಗು, ಅದೇ ಬ್ಯಾಡಗಿ ಮೆಣಸು, ಅದೇ ಅಕ್ಕಿ. ರುಚಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಕೊಂಕಣಿ ಅಡುಗೆಯಲ್ಲಿ ದಾಳಿತೋಯ್ ಕೇಳಿ. ತೊಗರಿಬೇಳೆ, ಇಂಗು, ಹಸಿಮೆಣಸು, ಒಗ್ಗರಣೆ, ಅಷ್ಟೇ. ಅದನ್ನು ಹಾಳು ಮಾಡುವುದು ಕಷ್ಟ ಅಂತ ಅನಿಸುತ್ತದೆ, ಆದರೆ ಇಂಗು ಜಾಸ್ತಿಯಾದರೆ ಔಷಧಿ, ಕಮ್ಮಿಯಾದರೆ ಬರೀ ಬೇಳೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ ಸಿಕ್ಕಿದರೆ ಬಿಡಬೇಡಿ. ಆ ಎಲೆಯ ಪರಿಮಳ ಸ್ಟೀಲ್ ತಟ್ಟೆ ಇಡ್ಲಿಗೆ ಬರುವುದಿಲ್ಲ.

ಬ್ಯಾರಿ ಅಡುಗೆ ಅಂದ ಕೂಡಲೇ ಎಲ್ಲರೂ ಬಿರಿಯಾನಿ ಅನ್ನುತ್ತಾರೆ. ಬಿರಿಯಾನಿ ಚೆನ್ನಾಗಿಯೇ ಉಂಟು. ಆದರೆ ಪತ್ತಿರ್ ತಿನ್ನಿ. ಅಕ್ಕಿಹಿಟ್ಟಿನ ತೆಳು ರೊಟ್ಟಿ, ಜೊತೆಗೆ ಬಿಸಿ ಸಾರು. ಬೆಳಿಗ್ಗೆ ಬಂದರಿನ ಕಡೆ ಹೋದವರಿಗೆ ಅದರ ಬೆಲೆ ಗೊತ್ತು.

ಕ್ರಿಶ್ಚಿಯನ್ ಅಡುಗೆಯಲ್ಲಿ ಸನ್ನಾಂ, ಅಂದರೆ ಉಬ್ಬಿದ ಅಕ್ಕಿ ಇಡ್ಲಿ, ಮತ್ತು ಡುಕ್ರಾಮಾಸ್, ಅಂದರೆ ಹಂದಿಮಾಂಸ. ಅದಕ್ಕೆ ಹಾಕುವ ಬಫಾತ್ ಮಸಾಲೆ ಪುಡಿ ಮನೆಮನೆಗೆ ಬೇರೆ, ಯಾರೂ ತಮ್ಮದು ಬಿಟ್ಟು ಇನ್ನೊಬ್ಬರದ್ದು ಸರಿ ಅನ್ನುವುದಿಲ್ಲ. ಸನ್ನಾಂ ಹಿಟ್ಟು ಹುಳಿ ಬರಿಸಲು ಹಿಂದೆ ಕಳ್ಳು ಹಾಕುತ್ತಿದ್ದರು. ಈಗ ಹೆಚ್ಚಿನವರು ಯೀಸ್ಟ್ ಹಾಕುತ್ತಾರೆ. ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಬಿಸಿ ಇದ್ದರೆ ಕ್ಷಮಿಸಬಹುದು.

ತುಳುವರ ಪಾಲಿಗೆ ಬಂದರೆ, ಕೋರಿ ರೊಟ್ಟಿ ಎಲ್ಲರಿಗೂ ಗೊತ್ತು. ನಾನು ಹೇಳುವುದು ಪುಂಡಿ, ಅಂದರೆ ಆವಿಯಲ್ಲಿ ಬೇಯಿಸಿದ ಅಕ್ಕಿ ಉಂಡೆ, ಮತ್ತು ಬೂತಾಯಿ (ಸಾರ್ಡೀನ್ ಮೀನು) ಪುಳಿಮುಂಚಿ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು, ಹೆಸರಲ್ಲೇ ರೆಸಿಪಿ ಉಂಟು. ಮೊದಲ ದಿನಕ್ಕಿಂತ ಎರಡನೇ ದಿನ ರುಚಿ ಜಾಸ್ತಿ. ಹೋಟೆಲಿನವರು ಇದನ್ನು ಒಪ್ಪಿಕೊಳ್ಳುವುದಿಲ್ಲ, ಮನೆಯವರು ಒಪ್ಪುತ್ತಾರೆ. ಮರುವಾಯಿ ಸುಕ್ಕ, ಅಂದರೆ ಚಿಪ್ಪುಮೀನಿನ ಒಣ ಪಲ್ಯ ಇದ್ದರೆ ಅದನ್ನೂ ತಗೊಳ್ಳಿ. ಚಿಪ್ಪು ಬಾಯಿಗೆ ಸಿಗುತ್ತದೆ ಅಂತ ನಾಚಿಕೆ ಬೇಡ, ಕೈಯಲ್ಲಿ ಹಿಡಿದೇ ತಿನ್ನುವುದು.

ಮೀನು ಫ್ರೆಶ್ ಇದೆಯಾ ಅಂತ ಹೋಟೆಲಿನಲ್ಲಿ ಹೇಗೆ ತಿಳಿಯುವುದು?

ಕಿವಿರು ನೋಡಿ, ಕಣ್ಣು ನೋಡಿ ಅನ್ನುವುದೆಲ್ಲ ಮಾರ್ಕೆಟ್ಟಿಗೆ ಸರಿ. ಮೇಜಿನ ಮೇಲೆ ಮಸಾಲೆ ಮೆತ್ತಿಕೊಂಡು ಬಂದ ಮೀನಿಗೆ ಎಂತ ನೋಡುವುದು? ಪ್ರಶ್ನೆ ಕೇಳುವುದೇ ದಾರಿ. "ಇವತ್ತು ದಕ್ಕೆಯಿಂದ ಎಂತ ಬಂತು?" ಅಂತ ಕೇಳಿ. ಸರಿಯಾದ ಹೋಟೆಲಿನವರು "ಬಂಗುಡೆ ತಗೊಳ್ಳಿ, ಅಂಜಲ್ ಇವತ್ತು ಬೇಡ" ಅಂತ ಅವರೇ ಹೇಳುತ್ತಾರೆ. ಎಲ್ಲ ಮೀನೂ ಎಲ್ಲ ದಿನವೂ ಫ್ರೆಶ್ ಅನ್ನುವ ಕಡೆ ದಾಲ್ ತಿಂದು ಎದ್ದು ಬನ್ನಿ.

ನನಗೇ ಒಂದು ಸಲ ಹೀಗಾಯಿತು. ಜುಲೈ ತಿಂಗಳು, ಹೊರಗೆ ಸುರಿಯುತ್ತಿದೆ. ಮಾಂಜಿ (ಪಾಂಫ್ರೆಟ್ ಮೀನು) ಇವತ್ತಿನದ್ದೇ ಅಂತ ಪ್ರಮಾಣ ಮಾಡಿ ಕೊಟ್ಟರು. ಒಳಗೆ ಮುರಿದರೆ ಹತ್ತಿಯ ಹಾಗೆ. ಬಿಲ್ಲು ಕೊಟ್ಟು ಬಂದೆ, ಬಾಯಿ ಬಿಡಲಿಲ್ಲ. ಬೆಂಗಳೂರಿನ ಅತಿಥಿ ಎದುರಿಗಿದ್ದರು, ಅವರು ಚೆನ್ನಾಗಿದೆ ಅಂತ ಬೆರಳು ನೆಕ್ಕುತ್ತಿದ್ದರು. ಎಂತ ಹೇಳುವುದು?

ಜೂನ್, ಜುಲೈಯಲ್ಲಿ ಬಂದರೆ ಮೀನೇ ಇಲ್ಲವಾ?

ಉಂಟು, ಆದರೆ ಲೆಕ್ಕ ಬೇರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರವೂ ಹುಚ್ಚೆದ್ದಿರುತ್ತದೆ. ನಾಡದೋಣಿಯವರು ಹತ್ತಿರದಲ್ಲಿ ಹಿಡಿದದ್ದು, ಹೊಳೆ ಮೀನು ಸ್ವಲ್ಪ ಬರುತ್ತದೆ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಆ ಕಡೆಯ ಮೀನು ಐಸ್ ಹಾಕಿಕೊಂಡು ಲಾರಿಯಲ್ಲಿ ಬರುತ್ತದೆ. ಉಳಿದದ್ದು ಫ್ರೀಜರ್‌ನದ್ದು.

ಆದರೆ ನೀವು ಮೀನಿಗೇ ಯಾಕೆ ಗಂಟು ಬೀಳಬೇಕು? ಮಳೆಗಾಲದ ಊಟ ಬೇರೆಯೇ ಉಂಟು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಹಿಂದೆ ಅದು ಕಷ್ಟದ ತಿಂಗಳು. ಗದ್ದೆ ಕೆಲಸ ಮುಗಿದಿದೆ, ಕೈಯಲ್ಲಿ ಕಾಸಿಲ್ಲ, ಕಣಜದಲ್ಲಿ ಅಕ್ಕಿ ಕಮ್ಮಿ. ಹಿತ್ತಲಿನಲ್ಲಿ ಸಿಕ್ಕಿದ್ದನ್ನೇ ತಿನ್ನಬೇಕು. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ ಅಂದರೆ ಎಳೆ ಬಿದಿರು, ತಜಂಕ್ ಸೊಪ್ಪಿನ ಪಲ್ಯ, ತಿಮರೆ ಅಂದರೆ ಒಂದೆಲಗದ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಮೀನು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ, ಕಹಿ ಅಂದರೆ ಕಹಿ. ಅದರ ಮೇಲೆ ಮೆಂತೆ ಗಂಜಿ.

ಈ ಬಡತನದ ಊಟವನ್ನು ಈಗ ಹೊಸ ಹೋಟೆಲಿನವರು ಬಾಳೆ ಎಲೆಯಲ್ಲಿ ಬಡಿಸಿ ಸ್ಪೆಷಲ್ ಅಂತ ಬೋರ್ಡು ಹಾಕುತ್ತಾರೆ. ನನ್ನ ಅಜ್ಜಿ ಇದ್ದಿದ್ದರೆ ಒಂದು ಪ್ಲೇಟು ತಿಮರೆ ಚಟ್ನಿಗೆ ದುಡ್ಡು ಕೊಡುವುದು ನೋಡಿ ನಗುತ್ತಿದ್ದರು. ನಾನು ಮಾತ್ರ ಪ್ರತಿ ವರ್ಷ ಕೊಡುತ್ತೇನೆ. ಫ್ಲ್ಯಾಟಿನಲ್ಲಿ ತಿಮರೆ ಎಲ್ಲಿ ಬೆಳೆಯುತ್ತದೆ? ಒಂದೇ ಎಚ್ಚರಿಕೆ: ಹಾಲೆ ಕಷಾಯವನ್ನು ಗೊತ್ತಿದ್ದವರ ಕೈಯಿಂದ ಮಾತ್ರ ಕುಡಿಯಿರಿ. ಮರ ಗುರುತಿಸುವುದರಲ್ಲಿ ತಪ್ಪಾದರೆ ಅಪಾಯ.

ನಾವು ಶುದ್ಧ ಸಸ್ಯಾಹಾರಿಗಳು. ನಮಗೆ ಏನಾದರೂ?

ಧಾರಾಳ. ರಥಬೀದಿ ಸುತ್ತ ಹುಡುಕಿ. ಕಡ್ಲೆ ಮನೋಳಿ ಅಂದರೆ ಕಡಲೆ ಹಾಕಿದ ತೊಂಡೆಕಾಯಿ ಪಲ್ಯ, ಬಿಸ್ಕುಟಂಬಡೆ ಅಂದರೆ ಉದ್ದಿನ ವಡೆ, ಗೋಳಿಬಜೆ ಅಂದರೆ ಮೈದಾ ಬೋಂಡ, ಬನ್ಸ್ ಅಂದರೆ ಬಾಳೆಹಣ್ಣಿನ ಸಿಹಿ ಪೂರಿ, ಮೂಡೆ ಅಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ. ಮೀನಿನ ಹೋಟೆಲಿಗೆ ಹೋಗಿ ವೆಜ್ ಊಟ ಕೇಳಿದರೆ ಕೊಡುತ್ತಾರೆ, ಆದರೆ ಅಡುಗೆಮನೆ ಒಂದೇ. ಅದು ನಿಮಗೆ ಸರಿ ಬರುತ್ತದಾ ಅಂತ ಮೊದಲೇ ಯೋಚಿಸಿ.

ಬಿಲ್ಲಿನಲ್ಲಿ ಏನೆಲ್ಲ ನೋಡಬೇಕು?

ಮೀನಿಗೆ ರೇಟು ಬರೆಯದೆ "ಸೈಜ್ ಪ್ರಕಾರ" ಅಂತ ಇದ್ದರೆ ಆರ್ಡರ್ ಕೊಡುವ ಮೊದಲೇ ಕೇಳಿ. ಕೇಳುವುದು ಮರ್ಯಾದೆಗೆ ಕಮ್ಮಿ ಅಲ್ಲ. ಇಲ್ಲಿಯವರೆಲ್ಲ ಕೇಳುತ್ತಾರೆ, ಕೆಲವರು ಅಡುಗೆಮನೆಗೇ ಹೋಗಿ ಮೀನು ನೋಡಿ ಬರುತ್ತಾರೆ.

ಇಂಥ ಹೋಟೆಲಿನ ಊಟಕ್ಕೆ ಜಿಎಸ್‌ಟಿ 5 ಶೇಕಡಾ. ಸಣ್ಣ ಹೋಟೆಲ್‌ಗಳು ಹಲವು ಕಾಂಪೊಸಿಷನ್ ಸ್ಕೀಮ್‌ನಲ್ಲಿರುತ್ತವೆ. ಅದು ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ವ್ಯವಸ್ಥೆ. ಅಂಥವರು ಬಿಲ್ಲಿನಲ್ಲಿ ಬೇರೆಯಾಗಿ ಜಿಎಸ್‌ಟಿ ಹಾಕುವ ಹಾಗಿಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ಬೇಡ ಅನ್ನಬಹುದು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಲೈಸೆನ್ಸ್) ನಂಬರ್ ಬಿಲ್ಲಿನಲ್ಲಿ ಇರಲೇಬೇಕು ಅಂತ 2022ರಿಂದ ನಿಯಮ ಉಂಟು. ಟಿಪ್ಸ್ ನಿಮ್ಮಿಷ್ಟ. ಬಡಿಸಿದ ಹುಡುಗನ ಕೈಗೇ ಕೊಡಿ.

ಪಾರ್ಕಿಂಗ್?

ಇಲ್ಲ. ಕಾರು ಎಲ್ಲಾದರೂ ಬಿಟ್ಟು ರಿಕ್ಷಾದಲ್ಲಿ ಬನ್ನಿ. ಸಿಟಿ ಬಸ್ಸಾದರೆ "ಸ್ಟೇಟ್‌ಬ್ಯಾಂಕ್" ಬೋರ್ಡು ಇರುವ ಯಾವ ಬಸ್ಸೂ ಆಗುತ್ತದೆ. ರೈಲಿನಲ್ಲಿ ಬರುವವರು ಸೆಂಟ್ರಲ್‌ನಲ್ಲಿ ಇಳಿದರೆ ನಡೆದೇ ಬರಬಹುದು. ಜಂಕ್ಷನ್‌ನಲ್ಲಿ ಇಳಿದರೆ ಅದು ಪಡೀಲ್, ಅಲ್ಲಿಂದ ಬಸ್ಸು, ರಿಕ್ಷಾ ಬೇಕು. ಈ ತಪ್ಪು ಪ್ರತಿ ಸಲ ಯಾರಾದರೂ ಒಬ್ಬರು ಮಾಡುತ್ತಾರೆ.

ಯಾವ ಹೊತ್ತಿಗೆ ಹೋದರೆ ಒಳ್ಳೆಯದು?

ಮಧ್ಯಾಹ್ನ ಹನ್ನೆರಡೂವರೆ. ಒಂದೂವರೆಗೆ ಹೋದರೆ ನಿಮ್ಮ ಕುರ್ಚಿಯ ಹಿಂದೆ ಮುಂದಿನವರು ನಿಂತಿರುತ್ತಾರೆ, ಅವರು ನಿಮ್ಮ ತಟ್ಟೆಯಲ್ಲಿ ಎಷ್ಟು ಅನ್ನ ಉಳಿದಿದೆ ಅಂತ ಲೆಕ್ಕ ಹಾಕುತ್ತಾರೆ. ಮೂರೂವರೆಯಿಂದ ಏಳರವರೆಗೆ ಅನೇಕ ಕಡೆ ಬಾಗಿಲು ಅರ್ಧ ಎಳೆದಿರುತ್ತದೆ. ಬೆಂಗಳೂರಿನವರು ನಾಲ್ಕು ಗಂಟೆಗೆ ಬಂದು ಊಟ ಕೇಳಿ ಬೇಜಾರು ಮಾಡಿಕೊಳ್ಳುತ್ತಾರೆ. ಆ ಹೊತ್ತು ಗೋಳಿಬಜೆ ಮತ್ತು ಚಹಾದ ಹೊತ್ತು.

ರಥಸಪ್ತಮಿಯ ಸಮಯಕ್ಕೆ ವೆಂಕಟರಮಣ ದೇವಸ್ಥಾನದ ಕೊಡಿಯಾಲ್ ತೇರು, ನವರಾತ್ರಿಗೆ ಕುದ್ರೋಳಿಯ ದಸರಾ ಮತ್ತು ರಥಬೀದಿಯ ಶಾರದೆಯ ಉತ್ಸವ. ಆ ದಿನಗಳಲ್ಲಿ ರಸ್ತೆ ತುಂಬ ಜನ. ತೇರು ನೋಡಲು ಬನ್ನಿ, ನಿಧಾನವಾಗಿ ಕೂತು ಉಣ್ಣಲು ಬೇರೆ ದಿನ ಬನ್ನಿ.

ವಯಸ್ಸಾದವರನ್ನು ಕರೆದುಕೊಂಡು ಬರಬಹುದಾ?

ಮೊದಲು ಫೋನ್ ಮಾಡಿ ಮೆಟ್ಟಿಲು ಎಷ್ಟು ಕೇಳಿ. ಒಂದನೇ ಮಹಡಿಯ ಹೋಟೆಲ್‌ಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಹಳೇ ಮರದ ಏಣಿ ಫೋಟೋಗೆ ಚೆಂದ, ಮೊಣಕಾಲಿಗೆ ಅಲ್ಲ.

ರೂಮಿಗೇ ತರಿಸಿಕೊಂಡರೆ ಆಗುವುದಿಲ್ಲವಾ?

ಬಿರಿಯಾನಿ, ಸುಕ್ಕ, ಬನ್ಸ್ ತರಿಸಿ. ನೀರ್ ದೋಸೆ ಬೇಡ, ಅರ್ಧ ಗಂಟೆಯಲ್ಲಿ ಒಂದಕ್ಕೊಂದು ಅಂಟಿ ಬಟ್ಟೆಯ ಮುದ್ದೆಯಾಗಿರುತ್ತದೆ. ಕೋರಿ ರೊಟ್ಟಿ ತರಿಸಿದರೆ ರೊಟ್ಟಿ ಬೇರೆ, ಗಸಿ ಬೇರೆ ಕಟ್ಟಲು ಹೇಳಿ. ಸಾಧ್ಯವಾದರೆ ಆ್ಯಪ್ ಬಿಟ್ಟು ಹೋಟೆಲಿಗೇ ಫೋನ್ ಮಾಡಿ. ಆ್ಯಪ್‌ನ ಕಮಿಷನ್ ಸಣ್ಣ ಹೋಟೆಲಿಗೆ ದೊಡ್ಡ ಹೊರೆ.

ಹೊಸಬರು ಬಂದು ಹಳೇ ಹೋಟೆಲ್‌ಗಳಿಗೆ ಹೊಡೆತ ಬಿತ್ತಲ್ವಾ?

ನನಗೆ ಹಾಗೆ ಕಾಣಲಿಲ್ಲ. ಬಂದರಿನ ನಾರಾಯಣ ಹೋಟೆಲಿನ ಮುಂದೆ ಮಧ್ಯಾಹ್ನದ ಸಾಲು ಈಗಲೂ ಕರಗುವುದಿಲ್ಲ. ರಥಬೀದಿ ಹತ್ತಿರದ ಗಿರಿ ಮಂಜಾಸ್‌ನಲ್ಲಿ ಜಾಗ ಸಿಗಬೇಕಾದರೆ ಈಗಲೂ ಕಾಯಬೇಕು. 1975ರಲ್ಲಿ ಮಾರ್ಕೆಟ್ ರೋಡಿನಲ್ಲಿ ಶುರುವಾದ ಐಡಿಯಲ್‌ನ ಐಸ್‌ಕ್ರೀಮ್ ತಿನ್ನದೆ ಪೇಟೆ ಸುತ್ತಾಟ ಮುಗಿಸಿದವರು ನನ್ನ ಪರಿಚಯದಲ್ಲಿ ಇಲ್ಲ. ಹಳಬರಿಗೆ ಕಷ್ಟ ಬಂದಿರುವುದು ಬೇರೆ ಕಾರಣಕ್ಕೆ. ಮಕ್ಕಳಿಗೆ ಗಲ್ಲಾದಲ್ಲಿ ಕೂರಲು ಮನಸ್ಸಿಲ್ಲ, ಕಟ್ಟಡದ ಮಾಲೀಕರಿಗೆ ಅಪಾರ್ಟ್‌ಮೆಂಟ್ ಬೇಕು, ಅಡುಗೆಯವರು ಸಿಗುವುದಿಲ್ಲ.

ನನಗೆ ನಿಜವಾಗಿ ಬೇಜಾರಿರುವುದು ಸಣ್ಣ ಚಹಾ ಹೋಟೆಲ್‌ಗಳ ಬಗ್ಗೆ. ಬೆಂಚು, ಗಾಜಿನ ಡಬ್ಬಿ, ಒಳಗೆ ನಾಲ್ಕು ಬನ್ಸ್, ಗೋಡೆಗೆ ದೇವರ ಫೋಟೋ. ರಸ್ತೆ ಚೆಂದವಾದ ಕೂಡಲೇ ಬಾಡಿಗೆ ಏರುತ್ತದೆ, ಮೊದಲು ಹೋಗುವುದು ಇಂಥವೇ. ಅಲ್ಲಿಗೆ ಬರುವ ಹಮಾಲಿಗಳು, ರಿಕ್ಷಾದವರು ಹೊಸ ಹೋಟೆಲಿನೊಳಗೆ ಬರುವುದಿಲ್ಲ.

ಗಡ್‌ಬಡ್ ಐಸ್‌ಕ್ರೀಮ್ ಮಂಗಳೂರಿನದ್ದಾ, ಉಡುಪಿಯದ್ದಾ?

ಉಡುಪಿಯಲ್ಲಿ ಕೇಳಿದರೆ ಉಡುಪಿಯದ್ದು, ಮಂಗಳೂರಿನಲ್ಲಿ ಕೇಳಿದರೆ ಮಂಗಳೂರಿನದ್ದು. ಕರಗುವ ಮೊದಲು ತಿನ್ನಿ.

ನಾನೂ ಅಲ್ಲಿ ಒಂದು ಹೋಟೆಲ್ ಹಾಕಬೇಕು ಅಂತಿದ್ದೇನೆ. ಎಂತ ಹೇಳುತ್ತೀರಿ?

ಮೊದಲು ಮಳೆಯಲ್ಲಿ ಆ ಜಾಗ ನೋಡಿ. ಡಿಸೆಂಬರ್‌ನಲ್ಲಿ ನೋಡಿ ಅಡ್ವಾನ್ಸ್ ಕೊಟ್ಟವರೆಲ್ಲ ಜೂನ್‌ನಲ್ಲಿ ಅಳುತ್ತಾರೆ. ಹಂಚಿನ ಮಾಡು ಚೆಂದ, ಒಳಗೆ ತಂಪು. ಆದರೆ ಒಂದು ಹಂಚು ಜಾರಿದರೆ ಸೋರುವುದು ಸರಿಯಾಗಿ ಗಿರಾಕಿಯ ತಟ್ಟೆಗೇ. ಹಂಚು ಹೊದಿಸುವ ಕೆಲಸ ಗೊತ್ತಿರುವವರು ಈಗ ಬೆರಳೆಣಿಕೆ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಊರಿನಲ್ಲಿ ಹೀಗೆ ಬರೆಯಬೇಕಾಗಿ ಬಂತು.

ಎರಡನೆಯದು ನೀರು. ಮಂಗಳೂರಿಗೆ ನೀರು ತುಂಬೆ ಅಣೆಕಟ್ಟಿನಿಂದ, ನೇತ್ರಾವತಿಯದ್ದು. ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ರೇಷನ್ ಆಗುತ್ತದೆ. ಬಾವಿ ಇರುವ ಜಾಗ ಸಿಕ್ಕಿದರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ. ಬಂದರಿನ ಹತ್ತಿರದ ಬಾವಿಯಾದರೆ ಉಪ್ಪುಂಟಾ ನೋಡಿ.

ಮೂರನೆಯದು ಕಾಗದಪತ್ರ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ, ಜಿಎಸ್‌ಟಿ. ಕಟ್ಟಡ ಹಳೆಯದಾದರೆ ಅದರ ದಾಖಲೆ ಸರಿ ಇದೆಯಾ ಅಂತ ಮೊದಲೇ ನೋಡಿಸಿ. ನಾಲ್ಕು ಜನ ಅಣ್ಣತಮ್ಮಂದಿರ ಹೆಸರಿನಲ್ಲಿ ಇರುವ ಮನೆಯನ್ನು ಒಬ್ಬರ ಸಹಿಯಲ್ಲಿ ಬಾಡಿಗೆಗೆ ತಗೊಂಡು ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ನನ್ನ ಗೆಳೆಯನೊಬ್ಬ ಇಲ್ಲೇ ಒಂದನೇ ಮಹಡಿಯಲ್ಲಿ ಹೋಟೆಲ್ ಹಾಕಿದ್ದ. ಅಡುಗೆ ಅವನ ಅಮ್ಮನದ್ದು, ಬಹಳ ಚೆನ್ನಾಗಿತ್ತು. ಎರಡನೇ ಮಳೆಗಾಲಕ್ಕೆ ಮುಚ್ಚಿದ. ಕಾರಣ ರುಚಿ ಅಲ್ಲ. ಮೆನುವಿನಲ್ಲಿ ಅರವತ್ತು ಐಟಂ ಇತ್ತು. ಚೈನೀಸ್ ಬೇಕು ಅಂತ ಒಬ್ಬರು, ಪಾಸ್ತಾ ಬೇಕು ಅಂತ ಇನ್ನೊಬ್ಬರು ಹೇಳಿದರು, ಅವನು ಎಲ್ಲರ ಮಾತು ಕೇಳಿದ. ಅಮ್ಮನ ಕೈಯಲ್ಲಿ ಬರುತ್ತಿದ್ದದ್ದು ಹದಿನಾಲ್ಕು. ಉಳಿದ ನಲವತ್ತಾರಕ್ಕೆ ಫ್ರಿಜ್ ತುಂಬಿತು, ಕರೆಂಟು ಬಿಲ್ಲು ಏರಿತು, ಸಾಮಾನು ಹಾಳಾಯಿತು. ಈಗ ಅಮ್ಮ ಮನೆಯಿಂದಲೇ ಭಾನುವಾರ ಮಾತ್ರ ಮಾಡುತ್ತಾರೆ, ಹದಿನಾಲ್ಕರಲ್ಲಿ ಮೂರೇ ಮೂರು. ಗುರುವಾರಕ್ಕೇ ಆರ್ಡರ್ ಫುಲ್.

ತುಳು ಬರುವುದಿಲ್ಲ. ಪರವಾಗಿಲ್ವಾ?

ಏನೂ ತೊಂದರೆ ಇಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ನಡೆಯುತ್ತದೆ. ಬಡಿಸುವ ಹುಡುಗರು ಈಗ ಹೆಚ್ಚಾಗಿ ಅಸ್ಸಾಂ, ಒಡಿಶಾ ಕಡೆಯವರು. ಅವರೇ "ದಾನೆ ಬೋಡು?" ಅಂತ ಕೇಳುತ್ತಾರೆ. ಏನು ಬೇಕು ಅಂತ ಅರ್ಥ. ಮೀನಿನ ಹೆಸರು ಮಾತ್ರ ಕಲಿತು ಬನ್ನಿ: ಬೂತಾಯಿ, ಬಂಗುಡೆ, ಕಾಣೆ ಅಂದರೆ ಲೇಡಿಫಿಶ್, ಅಂಜಲ್ ಅಂದರೆ ಸುರ್ಮಾಯಿ, ಮಾಂಜಿ, ಎಟ್ಟಿ ಅಂದರೆ ಸಿಗಡಿ, ಡೆಂಜಿ ಅಂದರೆ ಏಡಿ, ಬೊಂಡಾಸ್ ಅಂದರೆ ಸ್ಕ್ವಿಡ್.

ಒಂದೇ ದಿನ ಉಂಟು. ಹೇಗೆ ಮಾಡುವುದು?

ಬೆಳಿಗ್ಗೆ ಆರಕ್ಕೆ ದಕ್ಕೆಗೆ ಹೋಗಿ, ದೋಣಿ ಖಾಲಿ ಮಾಡುವುದು ನೋಡಿ. ಹಳೇ ಚಪ್ಪಲಿ ಹಾಕಿಕೊಳ್ಳಿ. ಅಲ್ಲಿಂದ ಬಂದರಿನಲ್ಲಿ ಪತ್ತಿರ್ ಮತ್ತು ಚಹಾ. ಹತ್ತು ಗಂಟೆಗೆ ರಥಬೀದಿ, ಬಿಸಿಲು ಏರುವ ಮೊದಲು. ಹನ್ನೆರಡೂವರೆಗೆ ಮೀನಿನ ಊಟ, ಹೊಸದೋ ಹಳೆಯದೋ, ಬೋರ್ಡಿನಲ್ಲಿ ಚಾಕ್ ಇರುವಲ್ಲಿ. ಆಮೇಲೆ ರೂಮಿಗೆ ಹೋಗಿ ಮಲಗಿ, ನಾವೂ ಅದನ್ನೇ ಮಾಡುವುದು. ಐದಕ್ಕೆ ಗೋಳಿಬಜೆ. ಏಳೂವರೆಗೆ ಇನ್ನೊಂದು ಸಮುದಾಯದ ಅಡುಗೆ, ಮಧ್ಯಾಹ್ನದ್ದಕ್ಕಿಂತ ಬೇರೆ ಇರಲಿ. ಕೊನೆಗೆ ಮಾರ್ಕೆಟ್ ರೋಡಿನಲ್ಲಿ ಐಸ್‌ಕ್ರೀಮ್.

ರಾತ್ರಿಯೇ ಹೊರಡುವವರು ಸಂಜೆಗೇ ಬನ್ಸ್ ಕಟ್ಟಿಸಿಕೊಳ್ಳಿ, ರಾತ್ರಿಗೆ ಉಳಿದಿರುವುದಿಲ್ಲ. ಮಾರನೇ ಬೆಳಿಗ್ಗೆಗೆ ಹಾಳಾಗುವುದಿಲ್ಲ, ಸ್ವಲ್ಪ ಗಟ್ಟಿಯಾಗುತ್ತದೆ ಅಷ್ಟೇ. ಚಹಾದಲ್ಲಿ ಅದ್ದಿ ತಿನ್ನಿ. ಚಟ್ನಿ ಮಾತ್ರ ಕಟ್ಟಿಸಿಕೊಳ್ಳಬೇಡಿ, ಹಾಸನ ದಾಟುವುದರೊಳಗೆ ಹುಳಿಯಾಗಿರುತ್ತದೆ.